ಡಬ್ಬಿಯೊಳಗಿನ ಹಸು

ಕೊಟ್ಟಿಗೆ ಕೆಡವಿ ರೂಮು ಕಟ್ಟಿಸುವ ಮಾತನ್ನು ನಾಗರಾಜು ಮೊದಲ ಸಲ ಎತ್ತಿದ್ದು ಊಟಕ್ಕೆ ಕೂತಾಗ, ಅದೂ ಬಾಯಿಗೆ ಮುದ್ದೆ ಇಟ್ಟುಕೊಂಡ ಮೇಲೆ. ಬಾಯಲ್ಲಿ ತುತ್ತಿದ್ದರೆ ಎದುರಿನವರು ಬೈದರೂ ಕೂಡಲೇ ಉತ್ತರ ಕೊಡಬೇಕಾಗಿಲ್ಲ ಎಂಬುದು ಅವನ ಉಪಾಯ. ಆದರೆ ಅವನನ್ನು ಹೆತ್ತವಳು ಬೋರಮ್ಮ. ಮಗ ಮುದ್ದೆ ನುಂಗುವ ತನಕ ಸುಮ್ಮನೆ ಕಾದಳು. ಅವನು ನೀರು ಕುಡಿದು ಚೊಂಬು ಕೆಳಗಿಟ್ಟ ಮೇಲೆ ಶುರು ಮಾಡಿದಳು.

“ಚುಕ್ಕಿನ ಎಲ್ಲಿ ಕಟ್ಟಾದ್ಲಾ? ನಿನ್ ತಲೆ ಮ್ಯಾಲಾ?”

“ಮಾರ್ಬುಡಾದು ಕಣವ್ವ. ಹೊಲ ಇಲ್ಲ, ಹುಲ್ಲಿಲ್ಲ, ಮೇಸಾಕೆ ಒಂದ್ ಮಾರು ಜಾಗ ಇಲ್ಲ. ಅದ್ನ ಕಟ್ಕಂಡು ಏನ್ ಮಾಡೀಯ?”

“ಗಬ್ಬದ ಹಸಿನ ಮಾರ್ತಾರೇನ್ಲಾ? ನಿನ್ನೆಂಡ್ತಿ ಬಸ್ರಿ ಆಗಿದ್ದಾಗ ನಾನೇನ್ ಅವ್ಳ ಬೀದಿಗ್ ಅಟ್ಬುಟ್ನಾ?”

ಸಾರು ಬಡಿಸುತ್ತಿದ್ದ ಸೊಸೆ ಭಾನುಪ್ರಿಯ ಸೌಟನ್ನು ಪಾತ್ರೆಗೆ ಠಣ್ಣನೆ ಬಿಟ್ಟಳು. “ನನ್ನೂ ಹಸೂನೂ ಒಂದೇ ತಕ್ಕಡೀಲಿ ತೂಗಬ್ಯಾಡಿ ಅತ್ತೆ.”

“ನಿನ್ ಯಾಕೆ ತೂಗ್ಲವ್ವ. ಅದು ಹಾಲ್ ಕೊಡ್ತದೆ.”

ಗೋಡೆಗೊರಗಿ ಕೂತಿದ್ದ ಬೋರಮ್ಮನ ಗಂಡ ಚೆಲುವಯ್ಯ ನಗು ತಡೆಯಲಾರದೆ ಕೆಮ್ಮಿದ. ಹೆಂಡತಿಯ ಬಾಯಿಗೆ ಬೀಗ ಹಾಕುವ ಆಸೆಯನ್ನು ಅವನು ಮದುವೆಯಾದ ವರ್ಷವೇ ಬಿಟ್ಟಿದ್ದ.

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಬೆಳೆಯುತ್ತ ಬೆಳೆಯುತ್ತ ಗುಬ್ಬಿದೊಡ್ಡಿಯ ಹೊಲಗಳನ್ನು ಒಂದೊಂದಾಗಿ ನುಂಗಿ, ಈಗ ಮನೆಗಳ ಹಿತ್ತಲಿಗೆ ಬಂದು ನಿಂತಿತ್ತು. ಹೊಲ ಹೋಯಿತು, ಮನೆಯೂ ಕೊಟ್ಟಿಗೆಯೂ ಉಳಿದವು. ಚೆಲುವಯ್ಯ ತಾನು ರಾಗಿ ಬೆಳೆದಿದ್ದ ಮಣ್ಣಿನ ಮೇಲೆಯೇ ಎದ್ದ ಕಾರ್ಖಾನೆಯ ಗೇಟಿನಲ್ಲಿ, ತನಗಿಂತ ಎರಡು ಅಳತೆ ದೊಡ್ಡದಾದ ನೀಲಿ ಅಂಗಿ ತೊಟ್ಟು ಸೆಕ್ಯೂರಿಟಿ ಆಗಿ ನಿಲ್ಲುತ್ತಿದ್ದ. ನಾಗರಾಜು ಇನ್ನೊಂದು ಕಾರ್ಖಾನೆಯಲ್ಲಿ ಕಂತ್ರಾಟು ಕೆಲಸಕ್ಕೆ ಲಾರಿ ತುಂಬಿಸುತ್ತಿದ್ದ. ಭಾನುಪ್ರಿಯ ಬೆಳಿಗ್ಗೆ ಕಂಪನಿ ವ್ಯಾನು ಹತ್ತಿ ಪ್ಯಾಕಿಂಗಿಗೆ ಹೋದರೆ ಬರುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ಬಿಹಾರ, ಒರಿಸ್ಸಾ ಅಂತ ಎಲ್ಲೆಲ್ಲಿಂದಲೋ ಬಂದ ಹುಡುಗರು ಬಾಡಿಗೆಗೆ ಒಂದು ಕೋಣೆ ಸಿಕ್ಕರೆ ಸಾಕೆಂದು ಮನೆ ಮನೆ ಕೇಳುತ್ತಿದ್ದರು. ಊರಿನವರು ಒಬ್ಬೊಬ್ಬರಾಗಿ ಕೊಟ್ಟಿಗೆಯ ಗೊಂತು ಕಿತ್ತು, ಹಾಲೋಬ್ಲಾಕ್ ಇಟ್ಟು, ಮೇಲೆ ಶೀಟು ಹೊದಿಸಿ ಬಾಡಿಗೆಗೆ ಬಿಡುತ್ತಿದ್ದರು. ನಾಗರಾಜು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಬೋರಮ್ಮನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಅವಳಿಗೆ ಹೆಚ್ಚು ಸಿಟ್ಟು ಬರುತ್ತಿತ್ತು.

ಮೂರು ದಿನ ಜಗಳವಾಡಿ ಶಿವರಾತ್ರಿಯ ಹಿಂದಿನ ದಿನ ತಾಯಿ ಮಗ ಒಂದು ಒಪ್ಪಂದಕ್ಕೆ ಬಂದರು.

“ಕರು ಹಾಕಾ ಗಂಟ ಇರ್ಲಿ” ಎಂದ ನಾಗರಾಜು. “ಯುಗಾದಿ ಆದ್ಮ್ಯಾಲೆ ತಾನೆ? ಡೈರಿಗೆ ಹಾಕಾಂಗೆ ಹಾಲ್ ಕೊಡ್ತು ಅನ್ನು, ಕೊಟ್ಟಿಗೇಲಿ ಅರ್ಧ ಅದ್ಕೇ ಬುಟ್ಬುಡವ. ಇಲ್ಲಾಂದ್ರೆ ಮಾತಾಡಂಗಿಲ್ಲ.”

“ಆಯ್ತು ಕಣಪ್ಪ. ಕರು ಹಾಕಾಗಂಟ ನನ್ ಜವಾಬ್ದಾರಿ.”

ಹೀಗೆ ಚುಕ್ಕಿಯ ಬಾಳು ಅವಳ ಹೊಟ್ಟೆಯ ಕರುವಿಗೆ ನೇತುಬಿತ್ತು.

ಮನೆಗೆ ಡಬ್ಬಿ ಬಂದದ್ದು ಅದಕ್ಕೂ ಸ್ವಲ್ಪ ಮುಂಚೆ, ಸಂಕ್ರಾಂತಿಯಲ್ಲಿ. ತಂದವನು ಸ್ವಾಮಿ, ನಾಗರಾಜುವಿನ ತಮ್ಮ. ಬಿಡದಿ ಕಡೆ ಜಪಾನಿನ ಇಂಜಿನಿಯರೊಬ್ಬರ ಕಾರು ಓಡಿಸುತ್ತಿದ್ದ. ಆ ವರ್ಷ ದೇಶದೇಶಗಳಲ್ಲಿ ವ್ಯಾಪಾರ ಬಿದ್ದುಹೋಗಿ ಇಂಜಿನಿಯರ ಸಂಸಾರ ತಮ್ಮೂರಿಗೆ ಹೊರಟಿತು. ಹೊರಡುವಾಗ ಅವರ ಮಗಳು ತನ್ನ ಹಳೆಯ ಆಟದ ಯಂತ್ರವನ್ನು ಸ್ವಾಮಿಯ ಕೈಗಿಟ್ಟಳು. ಸ್ವಾಮಿ ಅದನ್ನು ಆರನೇ ಕ್ಲಾಸಿನ ರಮ್ಯಾಳಿಗೆ, ಅಣ್ಣನ ಮಗಳಿಗೆ, ತಂದುಕೊಟ್ಟ.

ಪೌಡರು ಡಬ್ಬಿಯ ಹಾಗೆ ಮಡಚಿ ತೆಗೆಯುವಂಥದ್ದು. ತೆಗೆದರೆ ಪುಟ್ಟ ಪರದೆಯೊಳಗೊಂದು ಹಳ್ಳಿ. ಹೊಳೆ, ಹಣ್ಣಿನ ಮರ, ಅಲ್ಲೊಂದು ಇಲ್ಲೊಂದು ಪುಟ್ಟ ಮನೆ. ಆ ಹಳ್ಳಿಯಲ್ಲಿ ರಮ್ಯಾಳ ಗೊಂಬೆ ಒಂದು ಬಿಟ್ಟರೆ ಮಿಕ್ಕ ಒಕ್ಕಲೆಲ್ಲ ಪ್ರಾಣಿಗಳೇ. ಬಟ್ಟೆ ತೊಟ್ಟು ಎರಡು ಕಾಲಲ್ಲಿ ಓಡಾಡುವವರು. ಅವರನ್ನು ಮಾತಾಡಿಸಬೇಕು, ಕಳೆ ಕೀಳಬೇಕು, ಮೀನು ಹಿಡಿಯಬೇಕು, ಯಾರಿಗಾದರೂ ಒಂದು ಹಣ್ಣು ಕೊಟ್ಟು ಬರಬೇಕು, ಅಷ್ಟೆ. ಇಲ್ಲಿ ಬೆಳಗಾದರೆ ಅಲ್ಲೂ ಬೆಳಗು, ಇಲ್ಲಿ ಸಂಜೆಯಾದರೆ ಅಲ್ಲೂ ಸಂಜೆ. ಅಕ್ಷರವೆಲ್ಲ ಜಪಾನಿನದು, ಕೋಳಿ ತಿಪ್ಪೆ ಕೆದರಿದಂತೆ. ಹಾಗಾಗಿ ಯಾರು ಏನು ಹೇಳುತ್ತಾರೆ ಎಂಬುದು ರಮ್ಯಾಳಿಗೂ ತಿಳಿಯದು. ಚಿತ್ರ ನೋಡಿ ಊಹಿಸುತ್ತಿದ್ದಳು. ಉಳಿದದ್ದನ್ನು ಅಜ್ಜಿ ತುಂಬಿಸಿಕೊಡುತ್ತಿದ್ದಳು.

“ಗೆಲ್ಲಾಂಗಿಲ್ಲ, ಸೋಲಾಂಗಿಲ್ಲ. ಮತ್ತೆ ಯಾವ್ ಭಾಗ್ಯಕ್ಕೆ ಆಡಾದು?” ಎಂದು ಭಾನುಪ್ರಿಯ ಕೇಳಿದಳು.

“ನಾವ್ ಬದುಕ್ತಿಲ್ವೇನೇ ಹಂಗೆ?” ಎಂದಳು ಬೋರಮ್ಮ.

ಮೊದಮೊದಲು ಬೋರಮ್ಮ ಅದನ್ನು ಗೇಲಿ ಮಾಡಲೆಂದೇ ಬಗ್ಗಿ ನೋಡಿದವಳು. ನೋಡುತ್ತ ನೋಡುತ್ತ ಆ ಊರಿನ ಸಮಾಚಾರವಿಲ್ಲದೆ ಅವಳಿಗೆ ಹೊತ್ತು ಹೋಗದಂತಾಯಿತು. ಅಂಗಡಿ ಇಟ್ಟುಕೊಂಡಿದ್ದ ಗುಂಡನೆಯ ಪ್ರಾಣಿ ಯಾವುದೆಂದು ಯಾರಿಗೂ ಗೊತ್ತಾಗದೆ ಚೆಲುವಯ್ಯ ಅದನ್ನು ಪುನುಗುಬೆಕ್ಕು ಎಂದು ತೀರ್ಪು ಕೊಟ್ಟ. “ಪುನುಗುಬೆಕ್ ಸಾವ್ಕಾರ” ಎಂದು ಹೆಸರಾಯಿತು. ಒಂದು ಕುರಿ ಇತ್ತು, ಅವನು ಕುರಿಯಪ್ಪ. ಹೊಳೆಯಾಚೆ ಒಂದು ಹಸುವಿತ್ತು. ಹೂವಿನ ಫ್ರಾಕು ತೊಟ್ಟು, ಮನೆಯೊಳಗೆ ಮಂಚ, ಮೇಜು, ಗೋಡೆಗೆ ಗಡಿಯಾರ ಇಟ್ಟುಕೊಂಡು ಒಬ್ಬಳೇ ಇರುವವಳು. ಬೋರಮ್ಮ ಅವಳಿಗೆ ಪಟ್ಟಣದಮ್ಮ ಎಂದು ಹೆಸರಿಟ್ಟಳು. ಹಣೆಯ ಮೇಲೆ ಚುಕ್ಕಿಗೆ ಇದ್ದಂಥದ್ದೇ ಬಿಳಿ ಮಚ್ಚೆ.

“ಡಬ್ಬಿ ಒಳ್ಗೆ ದನಕ್ ಮನೆ, ಡಬ್ಬಿ ಆಚ್ಗೆ ಮನುಸ್ರಿಗ್ ಕೊಟ್ಗೆ. ಒಳ್ಳೆ ಕಾಲ ಬಂತು” ಎಂದು ಚೆಲುವಯ್ಯ ಬೀಡಿ ಹಚ್ಚಿದ.

ಸೋಮವಾರ ರಮ್ಯಾ ಡಬ್ಬಿಯಲ್ಲಿ ಸಲಿಕೆ ಹಿಡಿದರೆ ಬೋರಮ್ಮ ಬಿಡುತ್ತಿರಲಿಲ್ಲ. ಸೋಮವಾರ ಬಸವಣ್ಣನ ದಿನ, ನೆಲ ಅಗೆಯಬಾರದು.

“ಅದು ಆಟ ಕಣಜ್ಜಿ!”

“ಆಟ್ದಾಗೂ ನೆಲ ನೆಲವೇ ಕಣಮ್ಮಿ. ನಾಳೀಕ್ ಅಗಿ.”

ಭಾನುಪ್ರಿಯಳಿಗೆ ಇದು ಸರಿಬರಲಿಲ್ಲ. ಅವಳು ಕೆಟ್ಟವಳಲ್ಲ. ಹಗಲೆಲ್ಲ ನಿಂತು ಕಾಲು ಊದಿಸಿಕೊಂಡು ಬರುವವಳಿಗೆ ಮನೆಯಲ್ಲಿ ಅಜ್ಜಿ ಮೊಮ್ಮಗಳು ಒಂದೇ ಡಬ್ಬಿಗೆ ತಲೆ ತೂರಿಸಿ ಕೂತದ್ದು, ಪಾತ್ರೆ ತೊಳೆಯದೆ ಬಿದ್ದಿದ್ದು ಕಂಡರೆ ಮೈ ಉರಿಯದೆ ಇರುತ್ತದೆಯೆ? ಪರೀಕ್ಷೆ ಹತ್ತಿರ ಬಂತೆಂದು ಡಬ್ಬಿಯನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀರು ಅವಳ ತವರಿನದು. ಅದಕ್ಕೆ ಎರಡು ಕೀಲಿ. ಒಂದು ಅವಳ ಸೊಂಟದಲ್ಲಿ, ಇನ್ನೊಂದು ದೇವರ ಪಟದ ಹಿಂದಿನ ಮೊಳೆಯಲ್ಲಿ.

“ರಾತ್ರಿ ಪುಸ್ತಕ ಓದಿ ಮುಗ್ಸಿದ್ರೆ ನಾನೇ ಕೊಡ್ತೀನಿ” ಎಂದು ಮಗಳಿಗೆ ಹೇಳಿದಳು. “ಹಗಲೊತ್ತು ಕೇಳ್ಬ್ಯಾಡ.”

ಆದರೆ ರಾತ್ರಿ ಕೊಟ್ಟು ಏನು ಪ್ರಯೋಜನ? ದೀಪ ಹಚ್ಚುವ ಹೊತ್ತಿಗೆಲ್ಲ ಪಟ್ಟಣದಮ್ಮ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದಳು.

ಮೊದಲು ಹೋದವನು ಕುರಿಯಪ್ಪ. ಒಂದು ದಿನ ಅವನ ಮನೆಯೊಳಗೆ ರಟ್ಟಿನ ಪೆಟ್ಟಿಗೆಗಳು ಅಟ್ಟಿ ಇಟ್ಟಿದ್ದವು. ಎರಡು ದಿನ ರಮ್ಯಾ ಆ ಕಡೆ ಹೋಗಲಿಲ್ಲ. ಮತ್ತೆ ಹೋದಾಗ ಮನೆಯೇ ಇಲ್ಲ, ಖಾಲಿ ನೆಲದಲ್ಲಿ ಒಂದು ಬೋರ್ಡು. ಬೋರಮ್ಮನಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಗುಬ್ಬಿದೊಡ್ಡಿಯಲ್ಲಿ ಆ ವರ್ಷ ಜಗಲಿಯ ಮೇಲೆ ರಟ್ಟಿನ ಪೆಟ್ಟಿಗೆ ಕಂಡರೆ ಆ ಮನೆಯವರು ಇನ್ನು ಇಲ್ಲ ಎಂದೇ ಲೆಕ್ಕ. ಹೊಲಕ್ಕೆ ಪರಿಹಾರ ಬಂದವರು ಕನಕಪುರಕ್ಕೋ ಕೆಂಗೇರಿಗೋ ಹೋಗಿ, ಈಗ ಈ ಸಾಲಿನಲ್ಲಿ ಉಳಿದದ್ದು ಬೋರಮ್ಮನ ಮನೆ ಮತ್ತು ಎದುರಿಗೆ ಕುರಿ ಸಾಕಿಕೊಂಡಿದ್ದ ದಾಸಪ್ಪನ ಮನೆ.

ಶಿವರಾತ್ರಿ ಕಳೆದ ವಾರ ಒಂದು ಭಾನುವಾರ, ಭಾನುಪ್ರಿಯ ಓವರ್‌ಟೈಮಿಗೆ ಹೋಗುವ ಮುಂಚೆ ಮಗಳಿಗೆ ಡಬ್ಬಿ ಕೊಟ್ಟು ಹೋಗಿದ್ದಳು. ರಮ್ಯಾ ಹೊಳೆ ದಾಟಿ ಪಟ್ಟಣದಮ್ಮನ ಮನೆಯ ಬಾಗಿಲು ತೆಗೆದವಳು ಹಾಗೇ ಕೂತುಬಿಟ್ಟಳು.

“ಅಜ್ಜಿ, ಪಟ್ಟಣದಮ್ಮಾನೂ ಪೆಟ್ಗೆ ಕಟ್ಟವಳೆ.”

ಬೋರಮ್ಮ ಮೊರ ಕೆಳಗಿಟ್ಟು ಬಂದು ನೋಡಿದಳು. ಹೌದು. ಮಂಚದ ಪಕ್ಕ, ಮೇಜಿನ ಪಕ್ಕ, ಎಲ್ಲೆಲ್ಲೂ ಪೆಟ್ಟಿಗೆ. ನಡುವೆ ಹೂವಿನ ಫ್ರಾಕಿನ ಹಸು, ಹಣೆಯಲ್ಲಿ ಬಿಳಿ ಮಚ್ಚೆ. ಬೋರಮ್ಮ ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು. ಹಲ್ಲಿ ಲೊಚಗುಟ್ಟಿದರೆ ಕೂತಲ್ಲೇ ನೆಲ ಬಡಿಯುವವಳು ಅವಳು, ಬೆಕ್ಕು ಅಡ್ಡ ಬಂದರೆ ಬಸ್ಸು ಬಿಡುವವಳು. ಹಿತ್ತಲಲ್ಲಿ ಗಬ್ಬದ ಹಸು, ಡಬ್ಬಿಯಲ್ಲಿ ಅದೇ ಮಚ್ಚೆಯ ಹಸು ಗಂಟು ಕಟ್ಟುತ್ತಿದೆ ಎಂದರೆ ಅದನ್ನು ಶಕುನವಲ್ಲದೆ ಇನ್ನೇನೆನ್ನುತ್ತಾಳೆ?

“ಅವ್ಳ ಹೋಗಾಕ್ ಬುಡ್ಬ್ಯಾಡ ಕೂಸೆ” ಎಂದಳು. “ಅವ್ಳು ಹೋದ್ರೆ ನಮ್ ಚುಕ್ಕೀನೂ ಉಳಿಯಾಕಿಲ್ಲ.”

“ದಿನಾ ಮಾತಾಡ್ಸಿದ್ರೆ ಹೋಗಲ್ವೇನೋ ಅಜ್ಜಿ. ಕುರಿಯಪ್ಪನ್ನ ನಾನ್ ಮಾತಾಡ್ಸ್ನಿಲ್ಲ, ಅದ್ಕೇ ಹೋದ.”

“ಹಂಗಾರೆ ದಿನಾ ಮಾತಾಡ್ಸು.”

“ಅಮ್ಮ ಬೀಗ ಹಾಕ್ತಾಳಲ್ಲ.”

ಬೋರಮ್ಮ ದೇವರ ಪಟದ ಕಡೆ ನೋಡಿದಳು.

ಮಾರನೆಯ ದಿನದಿಂದ ರಮ್ಯಾ ಸ್ಕೂಲಿಂದ ಬಂದು ಚುಕ್ಕಿಯನ್ನು ಮೇಯಿಸಲು ಬಿಚ್ಚುವ ಹೊತ್ತಿಗೆ, ಬೋರಮ್ಮ ಬೀರು ತೆಗೆದು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಮೊಮ್ಮಗಳ ಲಂಗದ ಜೇಬಿಗೆ ತುರುಕುತ್ತಿದ್ದಳು. ಹಸು ಮೇಯಿಸುವುದು ಮೊದಲು ಬೋರಮ್ಮನದೇ ಕೆಲಸ. ಮಂಡಿ ಹಿಡಿದ ಮೇಲೆ ಮೊಮ್ಮಗಳ ಪಾಲಿಗೆ ಬಂದಿತ್ತು.

“ನಾ ಒಲ್ಲೆ ಅಜ್ಜಿ” ಎಂದಿದ್ದಳು ಹುಡುಗಿ ಮೊದಲ ದಿನ. “ಎರಡೂ ಆಗಾಕಿಲ್ಲ. ಹಸ ಹಿಡ್ಕಬೇಕಾ, ಇದ್ನ ಹಿಡ್ಕಬೇಕಾ?”

“ಒಂದ್ ಗಳಿಗೆ ಅಷ್ಟೆ ಕಣಮ್ಮಿ. ಹಗ್ಗ ಗಿಡಕ್ ಕಟ್ಬುಡು. ಮಾತಾಡ್ಸಿ ಎತ್ತಿಟ್ಕ.”

“ಅಮ್ಮಂಗೆ ಗೊತ್ತಾದ್ರೆ?”

“ನಾನಿಲ್ವಾ?” ಎಂದಳು ಬೋರಮ್ಮ.

ಮೇವು ಇದ್ದದ್ದು ಕಾರ್ಖಾನೆಯ ಕಾಂಪೌಂಡಿನ ಹಿಂದೆ, ಮೋರಿಯ ಆಚೆಯ ಬೀಳಿನಲ್ಲಿ. ಕೆರೆ ಬತ್ತಿತ್ತು. ಕಾಂಪೌಂಡಿನ ಕಂಡಿಯಿಂದ ಹೊರಬರುವ ನೀರೊಂದೇ ಬೇಸಗೆಯಲ್ಲೂ ನಿಲ್ಲದೆ ಹರಿಯುತ್ತಿತ್ತು. ಮೇಲೆ ಬಿಳಿ ನೊರೆ, ಮೂಗಿಗೆ ಬಡಿಯುವ ವಾಸನೆ, ಎರಡು ದಂಡೆಗೂ ಕಣ್ಣು ಕುಕ್ಕುವ ಹಸಿರು ಹುಲ್ಲು. ಅಲ್ಲಿಗೆ ದನ ಇಳಿಸಬಾರದೆಂದು ಊರಿನ ಮಕ್ಕಳಿಗೂ ಗೊತ್ತಿತ್ತು. ದಾಸಪ್ಪ ಕಳೆದ ವರ್ಷ ಅಲ್ಲಿ ಒಂದು ಕುರಿ ಕಳೆದುಕೊಂಡಿದ್ದ. ರಮ್ಯಾ ಯಾವಾಗಲೂ ಹಗ್ಗವನ್ನು ಕೈಗೆ ಸುತ್ತಿಕೊಂಡೇ ಮೇಯಿಸುತ್ತಿದ್ದವಳು. ಆದರೆ ಡಬ್ಬಿಗೆ ಎರಡು ಕೈ ಬೇಕು. ಒಂದರಲ್ಲಿ ಹಿಡಿಯಬೇಕು, ಒಂದರಲ್ಲಿ ಅದರದೇ ಪುಟ್ಟ ಕಡ್ಡಿಯಿಂದ ಪರದೆ ತಿವಿಯಬೇಕು. ಹಗ್ಗಕ್ಕೆ ಮೂರನೆಯ ಕೈ ಎಲ್ಲಿಂದ ತರುತ್ತಾಳೆ?

ಒಂದು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ದಿನಾ ಸಂಜೆ ಹುಡುಗಿ ಬಂದ ಕೂಡಲೇ ಬೋರಮ್ಮ ಕಣ್ಣಲ್ಲೇ ಕೇಳುವಳು. ಹುಡುಗಿ ಕಣ್ಣಲ್ಲೇ “ಅವಳೆ” ಅನ್ನುವಳು. ಬೋರಮ್ಮ ಚುಕ್ಕಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕರು ಒದೆಯುವುದನ್ನು ನೋಡಿ, ನಿರಾಳವಾಗಿ ಒಲೆ ಹಚ್ಚುವಳು. ಅವಳಿಗೆ ಆ ದಿನಗಳಲ್ಲಿ ನಿಜಕ್ಕೂ ಸುಖವಿತ್ತು. ಹಸುವನ್ನು ತಾನೇ ಕೈಯಾರೆ ಕಾಯುತ್ತಿದ್ದೇನೆ ಎಂದು ಅವಳು ನಂಬಿದ್ದಳು.

ಆ ಗುರುವಾರ ರಮ್ಯಾ ಹಸು ಹೊಡೆದುಕೊಂಡು ಕುಣಿಯುತ್ತ ಬಂದಳು. ಅಡುಗೆಮನೆಗೆ ನುಗ್ಗಿ ಅಜ್ಜಿಯ ಕಿವಿಯಲ್ಲಿ, “ಎಲ್ಲಾ ಬಿಚ್ಚವಳೆ! ಒಂದ್ ಪೆಟ್ಗೇನೂ ಇಲ್ಲ ಅಜ್ಜಿ. ಇನ್ ಹೋಗಾಕಿಲ್ಲ!” ಎಂದಳು.

“ನಿಜವಾ?”

“ನೋಡ್ಬೇಕಾದ್ರೆ. ನಂಗೊಂದ್ ಹೂವಾನೂ ಕೊಟ್ಳು.”

ಬೋರಮ್ಮ ಮೊಮ್ಮಗಳ ಕೆನ್ನೆ ನೀವಿ ನೆಟಿಕೆ ಮುರಿದಳು. ಡಬ್ಬಿಯನ್ನು ಬೀರುವಿಗೆ ಸೇರಿಸಲು ಎದ್ದಳು. ಅಷ್ಟರಲ್ಲಿ ಹಿತ್ತಲಿಂದ ಏನೋ ಧೊಪ್ಪೆಂದು ಬಿದ್ದ ಸದ್ದಾಯಿತು.

ಚುಕ್ಕಿ ಮುಂಗಾಲು ಮಡಚಿ ಕುಸಿದಿತ್ತು. ಬಾಯಲ್ಲಿ ನೊರೆ. ಹೊಟ್ಟೆ ಉಬ್ಬಿ ಚರ್ಮ ಬಿಗಿದು, ಮೈ ಅದುರುತ್ತಿತ್ತು. ಬೋರಮ್ಮ ಅದರ ಮೂತಿಯನ್ನು ಮೂಸಿದಳು. ಕಂಡಿಯ ನೀರಿನ ವಾಸನೆ.

“ಎಲ್ಲಿ ಬುಟ್ಟಿದ್ದೆ ಇದ್ನ?”

ರಮ್ಯಾಳ ಮುಖದಲ್ಲಿ ರಕ್ತವಿರಲಿಲ್ಲ. “ಜಾಲಿ ಗಿಡಕ್ ಕಟ್ಟಿದ್ದೆ. ನೋಡ್ದಾಗ ಅಲ್ಲೇ ಇತ್ತು. ಆಮ್ಯಾಕೆ ಬಿಚ್ಕಂಡಿತ್ತು… ನಾನ್ ಓಡೋಗ್ ಹಿಡ್ಕಬಂದೆ. ಒಸೀನೇ ಕುಡ್ದಿದ್ದು ಅಜ್ಜಿ.”

ನಾಗರಾಜು ಬಂದ, ಭಾನುಪ್ರಿಯ ಬಂದಳು, ಚೆಲುವಯ್ಯ ಸೆಕ್ಯೂರಿಟಿ ಅಂಗಿಯಲ್ಲೇ ಓಡಿ ಬಂದ. ಬಿದಿರಿನ ಗೊಟ್ಟದಲ್ಲಿ ಹುಣಸೆಹಣ್ಣಿನ ನೀರು ಹುಯ್ದರು, ಮಜ್ಜಿಗೆ ಹುಯ್ದರು. ದನದ ಆಸ್ಪತ್ರೆಯ ಕಾಂಪೌಂಡರ್ ನಂಜುಂಡಯ್ಯ ಮೊಪೆಡ್ಡಿನಲ್ಲಿ ಬಂದು ಸೂಜಿ ಚುಚ್ಚಿ, ಹೊಟ್ಟೆ ಮುಟ್ಟಿ ನೋಡಿ, “ಏನೋ ವಿಷದ ನೀರು ಕುಡ್ದದೆ. ಬೆಳಗಾಗಾ ಗಂಟ ನೋಡಿ” ಎಂದ. ಬೋರಮ್ಮನ ಮುಖ ನೋಡದೆ ಚೀಲ ಕಟ್ಟಿಕೊಂಡ. ಅದರಲ್ಲೇ ಅವಳಿಗೆ ತಿಳಿಯಿತು.

ಕೋಳಿ ಕೂಗುವ ಹೊತ್ತಿಗೆ ಚುಕ್ಕಿ ಸತ್ತಿತು. ಅದರ ಹೊಟ್ಟೆಯಲ್ಲಿ ಕರು ಇನ್ನೂ ಸ್ವಲ್ಪ ಹೊತ್ತು ಒದೆಯುತ್ತಿತ್ತು. ಬೋರಮ್ಮ ಅಂಗೈ ಇಟ್ಟುಕೊಂಡೇ ಕೂತಿದ್ದಳು. ಅದೂ ನಿಂತಿತು.

ಹೂಳುವುದಕ್ಕೆ ಜಾಗವಿರಲಿಲ್ಲ. ಮನೆಯಲ್ಲಿ ಸತ್ತ ದನವನ್ನು ಹೊಲದ ಬದುವಿನಲ್ಲಿ ಹೂಳುವುದು ವಾಡಿಕೆ. ಬದುವೆಲ್ಲಿದೆ? ಚೆಲುವಯ್ಯ ಗೇಟಿಗೆ ಹೋಗಿ ಸೂಪರ್‌ವೈಸರನ ಕೈಕಾಲು ಹಿಡಿದು ಕಾಂಪೌಂಡಿನ ಕೆಲಸಕ್ಕೆ ಬಂದಿದ್ದ ಜೆಸಿಬಿಯನ್ನು ಬೇಡಿ ತಂದ. ಬತ್ತಿದ ಕೆರೆಯಂಗಳದಲ್ಲಿ ಗುಂಡಿ ತೆಗೆದು, ಅದೇ ಯಂತ್ರದ ಬಾಯಲ್ಲಿ ಹಸುವನ್ನು ಎತ್ತಿ ಹಾಕಿದರು. ಅರಿಶಿನ ಕುಂಕುಮ ಇಡಲು ಬೋರಮ್ಮ ಮುಂದೆ ಹೋದರೆ ಡ್ರೈವರ್ ಹಾರ್ನ್ ಹೊಡೆದ.

“ಆ ನೀರ್ ಬುಡೋರು ನಿಮ್ ಕಂಪನಿಯವ್ರೇ ಅಲ್ವೇನಪ್ಪ?” ಎಂದು ನಾಗರಾಜು ತಂದೆಯ ಮೇಲೆ ಹರಿಹಾಯ್ದ. “ಕೇಳ್ಬಾರ್ದಾ?”

“ನಾನ್ ಮುಂದ್ಗಡೆ ಗೇಟಲ್ಲಿ ನಿಲ್ಲೋನು ಕಣ್ಲಾ” ಎಂದ ಚೆಲುವಯ್ಯ. “ಹಿಂದ್ಗಡೆ ಏನ್ ಬುಡ್ತಾರೆ ಅಂತ ಕೇಳಿದ್ರೆ ಮುಂದ್ಗಡೇನೂ ನಿಲ್ಲಾಂಗಿಲ್ಲ.” ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಡ್ಯೂಟಿಗೆ ಹೋದ. ಅರ್ಧ ದಿನದ ಸಂಬಳ ಹಿಡಿದರು.

ವಿಷಯ ಹೊರಬಿದ್ದದ್ದು ದಾಸಪ್ಪನ ಬಾಯಿಂದ. ಅವನಿಗೆ ಯಾರ ಮೇಲೂ ಹಗೆಯಿಲ್ಲ, ಕಂಡದ್ದನ್ನು ಹೇಳಿದ. “ಕೂಸು ಮೋರಿ ಕಟ್ಟೆ ಮ್ಯಾಲೆ ಕುಂತ್ಕಂಡು ಅದೇನೋ ಡಬ್ಬಿ ನೋಡ್ತಿತ್ತು ಕಣ್ಲಾ ನಾಗ. ಹಸ ನೀರ್ಗಿಳ್ದಿತ್ತು. ನಾನ್ ಕೂಗ್ದೆ, ದೂರ ಇದ್ದೆ, ಕೇಳ್ನಿಲ್ಲ.”

ನಾಗರಾಜು ಮನೆಗೆ ಬಂದು ನಡುಮನೆಯಲ್ಲಿ ನಿಂತು ಮಗಳನ್ನು ಕರೆದ. ಭಾನುಪ್ರಿಯ ಬೀರು ತೆಗೆದು ನೋಡಿದಳು. ಡಬ್ಬಿ ಇಟ್ಟ ಜಾಗದಲ್ಲಿರಲಿಲ್ಲ. ಹಸು ಬಿದ್ದ ಗಡಿಬಿಡಿಯಲ್ಲಿ ಬೋರಮ್ಮ ಅದನ್ನು ರಾಗಿ ಡ್ರಮ್ಮಿನ ಮೇಲೆ ಇಟ್ಟು ಮರೆತಿದ್ದಳು, ಅಲ್ಲೇ ಸಿಕ್ಕಿತು.

“ಬೀಗ ಹಾಕಿದ್ ಬೀರೂಯಿಂದ ಇದು ಹೆಂಗೇ ಆಚ್ಗ್ ಬಂತು?” ಎಂದಳು ಭಾನುಪ್ರಿಯ.

ರಮ್ಯಾ ಅಜ್ಜಿಯ ಕಡೆ ನೋಡಿದಳು. ಬೋರಮ್ಮ ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ಬಾಯಿ ತೆರೆದಳು ಕೂಡ. ಆದರೆ ಎದುರಿಗಿದ್ದವಳು ಸೊಸೆ. ಕದ್ದು ಸೊಸೆಯ ಬೀರು ತೆಗೆದೆ, ಕರು ಹಾಕುವ ತನಕ ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟ ನಾನೇ ನನ್ನ ಹಸುವನ್ನು ಕೊಂದೆ ಎಂದು ಯಾವ ಬಾಯಲ್ಲಿ ಹೇಳುವುದು? ಜೀವಮಾನವೆಲ್ಲ ಯಾರಿಗೂ ಬಗ್ಗದೆ ಮಾತಾಡಿದ ಆ ಬಾಯಿ ಅವತ್ತು ಹೆದರಿತು.

“ಯೋಳೇ!” ಎಂದ ನಾಗರಾಜು.

“ನಾನೇ ತಕ್ಕಂಡೆ” ಎಂದಳು ರಮ್ಯಾ.

“ಕೀಲಿ?”

“ದೇವ್ರ್ ಪಟ್ದಿಂದ. ಕದ್ದೆ.”

ನಾಗರಾಜು ಮಗಳನ್ನು ಹೊಡೆದ. ಅವನು ಹೊಡೆಯುವವನಲ್ಲ, ಅದಕ್ಕೇ ಯಾವಾಗ ನಿಲ್ಲಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಭಾನುಪ್ರಿಯಳೇ ಅಡ್ಡ ಬಂದಳು. ಅವನು ಡಬ್ಬಿಯನ್ನು ಎತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ. ಎರಡು ಹೋಳಾಯಿತು. ಹುಡುಗಿ ಅಳಲಿಲ್ಲ. ಆ ರಾತ್ರಿ ತನ್ನ ಚಾಪೆಯನ್ನು ಅಜ್ಜಿಯ ಪಕ್ಕದಿಂದ ಎಳೆದುಕೊಂಡು ಹೋಗಿ ಬಾಗಿಲ ಬಳಿ ಹಾಸಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಬೇಕಾದ ಹೊತ್ತಿನಲ್ಲಿ ಆಡದ ಮಾತಿಗೆ ಯಾರೂ ಗಾದೆ ಕಟ್ಟಿದಂತಿಲ್ಲ. ನಾಳೆ ಹೇಳುತ್ತೇನೆ ಎಂದು ಬೋರಮ್ಮ ಅಂದುಕೊಂಡಳು. ನಾಳೆ ಮೇಸ್ತ್ರಿ ಬಂದ. ಗೊಂತು ಕಿತ್ತರು. ಮರಳು ಬಂತು, ಬ್ಲಾಕು ಬಂತು. ನೀರು ಹಾಕುವವರು ಯಾರು, ಆಳುಗಳಿಗೆ ಕಾಫಿ ಕಾಸುವವರು ಯಾರು ಎಂಬ ಗದ್ದಲದಲ್ಲಿ ಒಂದೊಂದೇ ದಿನ ಜಾರಿತು. ಕೊಟ್ಟಿಗೆ ಇದ್ದ ಜಾಗದಲ್ಲಿ ಸಾಲಾಗಿ ರೂಮು ಎದ್ದವು. ಸಿಮೆಂಟು ಒಣಗುವ ಮೊದಲೇ ಒರಿಸ್ಸಾದ ಹುಡುಗರು ಬಕೆಟ್ಟು, ಹಾಸಿಗೆ, ಸ್ಟವ್ ಹೊತ್ತುಕೊಂಡು ಬಂದರು. ಒಳ್ಳೆಯ ಹುಡುಗರು. ಬೋರಮ್ಮನನ್ನು “ಮಾ” ಎಂದು ಕರೆಯುತ್ತಿದ್ದರು.

ರಮ್ಯಾ ಮಾತು ಬಿಟ್ಟವಳಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಪರೀಕ್ಷೆಗೆ ಓದುತ್ತಿದ್ದಳು. ಬೋರಮ್ಮ ತಲೆ ಬಾಚುತ್ತೇನೆ ಬಾ ಎಂದರೆ, “ಬಾಚ್ಕಂಡಿದೀನಿ” ಅನ್ನುವಳು. ಹುರಿಗಡಲೆ ಕೈಗಿಟ್ಟರೆ ತೆಗೆದುಕೊಂಡು ಡಬ್ಬಕ್ಕೆ ವಾಪಸು ಸುರಿಯುವಳು. ಭಾನುಪ್ರಿಯ ಎರಡನೆಯ ಕೀಲಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಕ್ಕರೆ ಡಬ್ಬಿ ಮೇಲಿನ ಹಲಗೆಗೆ ಏರಿತು. ಮಗಳನ್ನು ಅಂಗಡಿಗೆ ಕಳಿಸಿದರೆ ಚಿಲ್ಲರೆಯನ್ನು ಎರಡು ಸಲ ಎಣಿಸುವಳು. ಹಸು ಹೋಗಿದ್ದಕ್ಕಿಂತ ಮಗಳು ಬೀಗ ತೆಗೆದದ್ದು ಅವಳನ್ನು ಹೆಚ್ಚು ಕೊರೆಯುತ್ತಿತ್ತು. ಬೋರಮ್ಮ ಇದೆಲ್ಲವನ್ನೂ ದಿನಾ ಕಣ್ಣಾರೆ ನೋಡುತ್ತಿದ್ದಳು. ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು, ಆದರೂ ನಾಲಿಗೆ ಏಳಲಿಲ್ಲ.

ಯುಗಾದಿ ಬಂತು. ಒಬ್ಬಟ್ಟು ಮಾಡಿದರು, ತಿಂದರು. ಮಾರನೆಯ ದಿನ ಹೊಸತೊಡಕು. ಆ ದಿನ ಏನು ಮಾಡುತ್ತಾರೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ಆ ಕಡೆಯ ಜನ ನಂಬುತ್ತಾರೆ. ಹಾಗಾಗಿ ಯಾರೂ ಜಗಳವಾಡುವುದಿಲ್ಲ, ಅಳುವುದಿಲ್ಲ, ಒಲೆಯ ಮೇಲೆ ಮಾಂಸದ ಎಸರು ಕುದಿಯದ ಮನೆಯಿಲ್ಲ. ಸ್ವಾಮಿ ಬೆಳಿಗ್ಗೆಯೇ ಬಂದ. ದಾಸಪ್ಪ ಕೊಯ್ದ ಕುರಿಯಲ್ಲಿ ಒಂದು ಗುಡ್ಡೆ ಮಾಂಸ ತಂದರು. ಬಹಳ ದಿನದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಬೋರಮ್ಮ ಬಡಿಸುತ್ತಿದ್ದಳು.

ಸ್ವಾಮಿ ಜೇಬಿನಿಂದ ಪೊಟ್ಟಣ ತೆಗೆದ. “ತಕಮ್ಮಿ. ಕಾಲ್ಗೆಜ್ಜೆ. ಡಬ್ಬಿ ಹೋದ್ರೆ ಹೋಯ್ತು.”

ರಮ್ಯಾ ಕೈ ಚಾಚುವ ಮೊದಲೇ ಭಾನುಪ್ರಿಯ ಅದನ್ನು ತೆಗೆದುಕೊಂಡಳು. “ನಾನ್ ಎತ್ತಿಡ್ತೀನಿ ಬುಡಿ ಸ್ವಾಮಿ. ಇವ್ಳ ಕೈ ಸರಿ ಇಲ್ಲ.”

ಹುಡುಗಿ ಚಾಚಿದ್ದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಬೋರಮ್ಮ ಅದನ್ನು ನೋಡಿದಳು.

“ಅವ್ಳ ಕೈ ಸರಿಯಾಗೇ ಐತೆ” ಎಂದಳು. “ಬೀರೂ ತೆಗ್ದೋಳು ನಾನು.”

ನಾಗರಾಜು ತಲೆಯೆತ್ತಿದ. “ಹೊಸತೊಡ್ಕಿನ್ ದಿನ ಅದ್ಯಾಕವ್ವ ಈಗ?”

“ಇಲ್ಲ ಕಣಪ್ಪ, ಯೋಳ್ಬೇಕು. ಡಬ್ಬಿ ನಾನೇ ತಕ್ಕೊಟ್ಟೆ. ದಿನಾ ನಾನೇ ಕೊಡ್ತಿದ್ದೆ. ಒಲ್ಲೆ ಅಂದ್ಳು. ಆ ಹಸಿನ ಮಾತಾಡ್ಸು, ಹಗ್ಗ ಗಿಡಕ್ ಕಟ್ಟು ಅಂತ ಯೋಳ್ದೋಳೇ ನಾನು. ಕೂಸಿಂದ್ ತಪ್ಪಿಲ್ಲ.”

ಚೆಲುವಯ್ಯ ಹೆಂಡತಿಯನ್ನು ನೋಡಿದ. ಆಮೇಲೆ ಭಾನುಪ್ರಿಯ ಮೆಲ್ಲಗೆ ಹೇಳಿದಳು, ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಅತ್ತೆ, ಮೊಮ್ಮಗ್ಳ ಮ್ಯಾಲೆ ಪ್ರೀತಿ ಇರ್ಬೇಕು, ಬ್ಯಾಡ ಅನ್ನಾಕಿಲ್ಲ. ಹಂಗಂತ ಅವ್ಳು ಮಾಡಿದ್ದ ನಿಮ್ ತಲೆ ಮ್ಯಾಲೆ ಹೊತ್ಕಬ್ಯಾಡಿ. ಅವ್ಳೇ ಬಾಯಾರೆ ಒಪ್ಕಂಡವ್ಳೆ.”

“ಮನೆದೇವ್ರಾಣೆ ಕಣವ್ವ!”

“ಆಣೆ ಇಡ್ಬ್ಯಾಡವ್ವ ಇವತ್ತು” ಎಂದ ನಾಗರಾಜು. ಮಗಳ ಕಡೆ ತಿರುಗಿದ. “ಏನಮ್ಮಿ? ಅಜ್ಜಿ ಯೋಳಾದು ನಿಜವಾ?”

ಬೋರಮ್ಮ ಸೌಟು ಹಿಡಿದುಕೊಂಡೇ ಮೊಮ್ಮಗಳನ್ನು ನೋಡಿದಳು. ಒಂದು ‘ಹೂಂ’ ಸಾಕಿತ್ತು. ಅದರಿಂದ ಹುಡುಗಿಯ ಮೇಲಿದ್ದ ಕಳ್ಳಿ ಎಂಬ ಮಾತೂ ಹೋಗುತ್ತಿತ್ತು, ಬೋರಮ್ಮನ ಎದೆಯ ಭಾರವೂ ಇಳಿಯುತ್ತಿತ್ತು.

ರಮ್ಯಾ ಅಜ್ಜಿಯ ಮುಖವನ್ನು ನೇರವಾಗಿ ನೋಡಿದಳು. ಅಜ್ಜಿ ಬಾಯಿ ಬಿಡದೆ ನಿಂತ ಆ ಶುಕ್ರವಾರದ ಮೇಲೆ ಹಾಗೆ ನೋಡಿದ್ದು ಅದೇ ಮೊದಲು.

“ಇಲ್ಲ” ಎಂದಳು. “ನಾನೇ ಕದ್ದಿದ್ದು.”

“ನೋಡ್ದಾ?” ಎಂದ ನಾಗರಾಜು, ಮುದ್ದೆ ಮುರಿಯುತ್ತ. “ಇನ್ ಆ ಮಾತ್ ಎತ್ಬ್ಯಾಡ. ಒಸಿ ಸಾರ್ ಬುಡವ್ವ.”

ಬೋರಮ್ಮ ಅವನಿಗೆ ಸಾರು ಬಿಟ್ಟಳು. ಸ್ವಾಮಿಗೆ ಬಿಟ್ಟಳು, ಗಂಡನಿಗೆ ಬಿಟ್ಟಳು. ಸೌಟು ರಮ್ಯಾಳ ತಟ್ಟೆಯ ಹತ್ತಿರ ಬಂದಾಗ ಹುಡುಗಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, “ನಂಗೆ ಅಮ್ಮ ಹಾಕ್ತಾಳೆ” ಎಂದಳು.